ಗುರುತು ಸಿಕ್ಕರೆ ಕಳವು, ಸಿಗದಿದ್ದರೆ ಕಲೆ?

ಅಕ್ಕನ ಮಗನಿಗೆ ಬೀಟ್ ಮಾಡುವ ಹುಚ್ಚು. ಕಾಲೇಜಿನಿಂದ ಬಂದವನು ಚೀಲ ಬಿಸಾಕಿ ಲ್ಯಾಪ್‌ಟಾಪ್ ಮುಂದೆ ಕೂತರೆ ಊಟಕ್ಕೆ ನಾಲ್ಕು ಸಲ ಕೂಗಬೇಕು. ಒಂದು ಸಂಜೆ ನಾನೂ ಸುಮ್ನೆ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ. ಹಳೆಯ ಹಾಡೊಂದನ್ನು ತೆರೆದಿಟ್ಟುಕೊಂಡಿದ್ದ. ಅದರ ಅಲೆ ಪರದೆಯ ಉದ್ದಕ್ಕೂ ಹರಡಿತ್ತು. ಹಾಡುವವರು ಉಸಿರೆಳೆದುಕೊಳ್ಳಲು ನಿಲ್ಲಿಸಿ, ಹಿಂದಿನ ಪಿಟೀಲುಗಳು ಮಾತ್ರ ಕೇಳುವ ಒಂದು ಜಾಗವಿತ್ತು. ಎರಡು ಸೆಕೆಂಡು ಇರಬಹುದು. ಅದನ್ನೇ ಕತ್ತರಿಸಿ ಲೂಪ್‌ಗೆ ಹಾಕಿದ. ಪ್ರತಿ ಸುತ್ತಿನ ಕೊನೆಗೂ ಟಕ್ ಅಂತ ಒಂದು ಸದ್ದು ಬರತೊಡಗಿತು. ಅಲೆಯನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಗೆರೆ ಮೇಲಿನಿಂದ ಇಳಿಯುತ್ತಾ ಸರಿಯಾಗಿ ನಡುಗೆರೆಯನ್ನು ದಾಟುವ ಬಿಂದು ಹುಡುಕಿ, ಅಲ್ಲಿಗೆ ಕತ್ತರಿ ಹಾಕಿದ. ಟಕ್ ಮಾಯವಾಯಿತು. ನಾನು ನೋಡುತ್ತಲೇ ಇದ್ದೆ. ಇಷ್ಟು ಗಮನ ಕೊಟ್ಟು ಆ ಹಾಡನ್ನು ನಾನು ಒಮ್ಮೆಯೂ ಕೇಳಿಲ್ಲ.

ಅಲ್ಲಿಗೇ ಬಿಡಲಿಲ್ಲ. ಶ್ರುತಿಯನ್ನು ಮೂರು ಸೆಮಿಟೋನ್ ಇಳಿಸಿದ. ತುಣುಕನ್ನು ನಾಲ್ಕು ಚೂರು ಮಾಡಿ ಕೀಬೋರ್ಡಿನ ನಾಲ್ಕು ಕೀಗಳಿಗೆ ಹಂಚಿದ. ಮೂರನೆಯದು ಮೊದಲು ಬರುವ ಹಾಗೆ, ಮೊದಲನೆಯದು ಕೊನೆಗೆ ಬರುವ ಹಾಗೆ ಬಾರಿಸಿದ. ಒಂದು ಚೂರನ್ನು ಹಿಂದುಮುಂದಾಗಿ ತಿರುಗಿಸಿದ. ಕೆಳಗೆ ಡ್ರಮ್ ಸೇರಿಸಿದ. ಚೆನ್ನಾಗಿಯೇ ಇತ್ತು, ಆದರೆ ಮೂಲ ಹಾಡು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. "ಮೊದಲಿದ್ದ ಹಾಗೇ ಬಿಡಬಹುದಿತ್ತಲ್ಲೋ. ಕೇಳಿದ ತಕ್ಷಣ ಯಾವ ಹಾಡು ಅಂತ ಗೊತ್ತಾಗ್ತಿತ್ತು," ಅಂದೆ. "ಗೊತ್ತಾಗಬಾರದು ಮಾಮ. ಗೊತ್ತಾದ್ರೆ ಇಂಟರ್‌ನೆಟ್ಟಿಂದ ತೆಗೆದು ಹಾಕ್ತಾರೆ," ಅಂದ, ತಲೆ ಕೂಡ ಎತ್ತದೆ.

ಸ್ವಲ್ಪ ಹೊತ್ತಿಗೆ ತನಗಿಷ್ಟವಾದ ಯಾರದ್ದೋ ಟ್ರ್ಯಾಕ್ ಹಾಕಿದ. "ಇದು ಎಲ್ಲಿಂದ ತಗೊಂಡಿದ್ದು ಹೇಳಿ ನೋಡೋಣ," ಅಂತ ನನ್ನನ್ನೇ ಕೇಳಿದ. ನನಗೆ ಹೊಳೆಯಲಿಲ್ಲ. ಮೂಲ ಹಾಡು ಹಾಕಿ, ಸರಿಯಾದ ಜಾಗ ಬಂದಾಗ ಮೇಜು ತಟ್ಟಿ ತೋರಿಸಿದ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಬೇರೆಯವರ ಹಾಡಿನೊಳಗೆ ಹಳೆಯ ಹಾಡಿನ ಗುರುತು ಸಿಕ್ಕಿದರೆ ಹಬ್ಬ. ತನ್ನ ಹಾಡಿನಲ್ಲಿ ಮಾತ್ರ ಗುರುತು ಸಿಗಬಾರದು. ಈ ಎರಡೂ ಒಂದೇ ಹುಡುಗನ ತಲೆಯಲ್ಲಿ ಹೇಗೆ ಒಟ್ಟಿಗಿವೆ ಅನ್ನುವುದು ಅಂದಿನಿಂದ ನನ್ನನ್ನು ಕೊರೆಯುತ್ತಿದೆ.

ಗೊತ್ತಿದ್ದರೇ ರುಚಿ

ಇರುವುದನ್ನು ಎತ್ತಿಕೊಂಡು ಹೊಸದು ಮಾಡುವ ಕೆಲಸದಲ್ಲಿ ಅರ್ಧ ಸುಖ ಇರುವುದೇ ಗುರುತಿನಲ್ಲಿ. ಹೊಸದನ್ನು ಕೇಳುವಾಗ ಹಳೆಯದೂ ಹಿಂದೆಯೇ ಕೇಳಿಸುತ್ತಿರಬೇಕು. 1919ರಲ್ಲಿ ಫ್ರೆಂಚ್ ಕಲಾವಿದ ಮಾರ್ಸೆಲ್ ಡ್ಯುಶಾಂ ಮೋನಾಲಿಸಾ ಚಿತ್ರದ ಒಂದು ಅಗ್ಗದ ಪೋಸ್ಟ್‌ಕಾರ್ಡ್ ತೆಗೆದುಕೊಂಡು ಅವಳಿಗೆ ಮೀಸೆ, ಗಡ್ಡ ಬರೆದ. ಮೋನಾಲಿಸಾ ಯಾರೆಂದೇ ಗೊತ್ತಿಲ್ಲದವರಿಗೆ ಅದು ಮೀಸೆ ಇರುವ ಯಾವುದೋ ಹೆಂಗಸಿನ ಚಿತ್ರ, ಅಷ್ಟೇ. ಗೊತ್ತಿರುವವರಿಗೆ ಮಾತ್ರ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ನಮ್ಮ ಪಂಪನನ್ನೇ ನೋಡಿ. 941ರ ಹೊತ್ತಿಗೆ ಮಹಾಭಾರತವನ್ನು ಎತ್ತಿಕೊಂಡು, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಬೆರೆಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿಬಿಟ್ಟ. ಎಂಥ ಧೈರ್ಯ ಅಲ್ವಾ? ಆದರೆ ಈ ಬದಲಾವಣೆಗೆ ತೂಕ ಬಂದಿರುವುದು ಕೇಳುವವರಿಗೆ ಐವರು ಗಂಡಂದಿರ ಕಥೆ ಮೊದಲೇ ಗೊತ್ತಿದ್ದುದರಿಂದ. ಗೊತ್ತಿಲ್ಲದವರಿಗೆ ಅದು ಬದಲಾವಣೆ ಅಂತಲೇ ಅನ್ನಿಸುವುದಿಲ್ಲ. ಇನ್ನೂ ಒಂದು ವಿಷಯವಿದೆ. ವ್ಯಾಸರ ಮಾತಿನ ಕಡಲಲ್ಲಿ ಈಜುತ್ತೇನೆ, ಆದರೆ ನಾನೇ ವ್ಯಾಸ ಅನ್ನುವ ಗರ್ವ ನನಗಿಲ್ಲ ಅಂತ ಪಂಪ ಕಾವ್ಯದ ಶುರುವಿನಲ್ಲೇ ಹೇಳಿಬಿಡುತ್ತಾನೆ. ಎಲ್ಲಿಂದ ತಂದೆ ಅನ್ನುವುದನ್ನು ಬಾಗಿಲಲ್ಲೇ ಹೇಳಿ, ಆಮೇಲೆ ಒಳಗೆ ಬೇಕಾದ್ದು ಮಾಡಿಕೊಂಡ. ಕುಮಾರವ್ಯಾಸನಂತೂ ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕಿದ ಅಂತ ತಮಾಷೆ ಮಾಡಿ ಭಾರತದ ಕಡೆ ತಿರುಗಿದ. ಅಲ್ಲೂ ಪಂಪ, ರನ್ನ ಮೊದಲೇ ಬಂದು ಕೂತಿದ್ದರು ಅನ್ನೋದು ಬೇರೆ ಮಾತು! 1929ರಲ್ಲಿ ಬಿ.ಎಂ.ಶ್ರೀ. ಅವರು ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ 'ಏಜಾಕ್ಸ್' ಚೌಕಟ್ಟಿನಲ್ಲಿ ನಮ್ಮ ಅಶ್ವತ್ಥಾಮನನ್ನು ತಂದು ನಿಲ್ಲಿಸಿದರು. ಇವರಲ್ಲಿ ಯಾರೂ ಮೂಲವನ್ನು ಬಚ್ಚಿಡಲು ಹೋಗಲಿಲ್ಲ. ಬಚ್ಚಿಟ್ಟಿದ್ದರೆ ಕೆಲಸವೇ ಕೆಡುತ್ತಿತ್ತು.

ಕಾನೂನಿಗೂ ಇದು ಗೊತ್ತಿಲ್ಲ ಅಂತಲ್ಲ. ರಾಯ್ ಆರ್ಬಿಸನ್ ಅವರ 'ಪ್ರೆಟಿ ವುಮನ್' ಹಾಡನ್ನು 2 ಲೈವ್ ಕ್ರೂ ಅನ್ನುವ ರ‍್ಯಾಪ್ ತಂಡ ಅಣಕ ಮಾಡಿತ್ತು. ಆ ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1994ರಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಸರಳವಾಗಿದೆ. ಅಣಕ ಅಣಕವಾಗಬೇಕಾದರೆ ಮೂಲ ನೆನಪಿಗೆ ಬರಲೇಬೇಕು, ಅದಕ್ಕೆ ಬೇಕಾದಷ್ಟನ್ನು ತೆಗೆದುಕೊಳ್ಳದೆ ದಾರಿಯಿಲ್ಲ. ದುಡ್ಡಿಗಾಗಿ ಮಾಡಿದ್ದು ಅನ್ನುವ ಒಂದೇ ಕಾರಣಕ್ಕೆ ಅದು ತಪ್ಪಾಗುವುದಿಲ್ಲ. ಇಷ್ಟು ತಿಳಿದ ಕಾನೂನು ಸ್ಯಾಂಪಲ್ (ಬೇರೆಯವರ ರೆಕಾರ್ಡಿಂಗಿನ ತುಣುಕನ್ನೇ ಕತ್ತರಿಸಿ ಹೊಸ ಹಾಡಿಗೆ ಹಾಕಿಕೊಳ್ಳುವುದು) ವಿಷಯಕ್ಕೆ ಬಂದಾಗ ಪೂರ್ತಿ ಉಲ್ಟಾ ಹೊಡೆಯುತ್ತದೆ.

ಎರಡು ಸೆಕೆಂಡಿಗೆ ಎರಡು ದಶಕ

1980ರ ದಶಕದ ಕೊನೆಯವರೆಗೂ ಸ್ಯಾಂಪಲ್ ಮಾಡುವವರ ಮೇಲೆ ಅಷ್ಟಾಗಿ ಯಾರ ಕಣ್ಣೂ ಬಿದ್ದಿರಲಿಲ್ಲ. ಬೀಸ್ಟಿ ಬಾಯ್ಸ್ ಅನ್ನುವ ರ‍್ಯಾಪ್ ತಂಡ 1989ರಲ್ಲಿ ತಂದ ಆಲ್ಬಮ್ಮಿನಲ್ಲಿ ನೂರಕ್ಕೂ ಹೆಚ್ಚು ಹಾಡುಗಳ ತುಣುಕುಗಳಿದ್ದವು. 1991ರಲ್ಲಿ ಗಾಳಿ ತಿರುಗಿತು. ರ‍್ಯಾಪರ್ ಬಿಜ್ ಮಾರ್ಕಿ, ಗಾಯಕ ಗಿಲ್ಬರ್ಟ್ ಓಸಲಿವನ್ ಅವರ ಹಾಡಿನ ಪಿಯಾನೊ ತುಣುಕನ್ನು ಬಳಸಿದ್ದಕ್ಕೆ ಕೇಸು ಬಿತ್ತು. ನ್ಯಾಯಾಧೀಶರು ತೀರ್ಪನ್ನು ಶುರು ಮಾಡಿದ್ದೇ ಬೈಬಲ್ಲಿನ "ಕದಿಯಬಾರದು" ಅನ್ನುವ ಆಜ್ಞೆಯಿಂದ. ಸಂಗೀತದ ಬಗ್ಗೆ ಒಂದು ಮಾತೂ ಆಡುವ ಮೊದಲೇ ಅದು ಕಳ್ಳತನದ ಕೇಸಾಗಿಬಿಟ್ಟಿತ್ತು. ಮಾರ್ಕಿಗೆ ಹಾಸ್ಯಪ್ರಜ್ಞೆ ಜಾಸ್ತಿ ಇತ್ತು. 1993ರಲ್ಲಿ ಬಂದ ಮುಂದಿನ ಆಲ್ಬಮ್ಮಿಗೆ 'ಆಲ್ ಸ್ಯಾಂಪಲ್ಸ್ ಕ್ಲಿಯರ್ಡ್!' ಅಂತಲೇ ಹೆಸರಿಟ್ಟ.

2005ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ ಇನ್ನೂ ಬಿಗಿ ಮಾಡಿತು. ಫಂಕಡೆಲಿಕ್ ತಂಡದ ಹಾಡಿನಿಂದ ಎರಡು ಸೆಕೆಂಡಿನ ಗಿಟಾರ್ ತುಣುಕು ತೆಗೆದು, ಶ್ರುತಿ ಇಳಿಸಿ, ಲೂಪ್ ಮಾಡಿ ಬಳಸಿದ್ದರು. ಲೈಸೆನ್ಸ್ ತಗೊಳ್ಳಿ, ಇಲ್ಲದಿದ್ದರೆ ಸ್ಯಾಂಪಲ್ ಮಾಡಬೇಡಿ ಅಂತ ಕೋರ್ಟು ಖಡಕ್ಕಾಗಿ ಹೇಳಿತು. ಎಷ್ಟು ಸಣ್ಣ ತುಣುಕಾದರೂ ಸರಿ. 2016ರಲ್ಲಿ ಅದೇ ದೇಶದ ಮತ್ತೊಂದು ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಅಲ್ಲಿ ವಿವಾದ ಇದ್ದದ್ದು ಮಡೋನಾ ಹಾಡಿನೊಳಗಿನ 0.23 ಸೆಕೆಂಡಿನ ಕಹಳೆ ಸದ್ದಿನ ಬಗ್ಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಸದ್ದಿಗೆ ಅಷ್ಟು ದೊಡ್ಡ ವಕೀಲರು! ಸಾಮಾನ್ಯ ಕೇಳುಗನಿಗೆ ಅದು ಎಲ್ಲಿಂದ ಬಂದದ್ದು ಅಂತ ಗುರುತು ಸಿಗುವುದಿಲ್ಲ, ಹಾಗಾಗಿ ತಪ್ಪಿಲ್ಲ ಅಂತ ತೀರ್ಪು ಬಂತು. ಫಲಿತಾಂಶ ನನಗೆ ಸರಿ ಅನ್ನಿಸಿತು. ಕೊಟ್ಟ ಕಾರಣ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಯುರೋಪಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 1977ರ 'ಮೆಟಾಲ್ ಔಫ್ ಮೆಟಾಲ್' ಟ್ರ್ಯಾಕಿನಲ್ಲಿ ಲೋಹಕ್ಕೆ ಲೋಹ ಬಡಿಯುವಂಥ ಒಂದು ತಾಳವಿದೆ. ನಿರ್ಮಾಪಕ ಮೋಸೆಸ್ ಪೆಲ್ಹಮ್ ಅದರಿಂದ ಸುಮಾರು ಎರಡು ಸೆಕೆಂಡು ತೆಗೆದು, 1997ರ ಒಂದು ರ‍್ಯಾಪ್ ಹಾಡಿನಲ್ಲಿ ಲೂಪ್ ಮಾಡಿದ. ಆ ಎರಡು ಸೆಕೆಂಡಿಗಾಗಿ ಜರ್ಮನಿಯ ಕೋರ್ಟುಗಳು ಎರಡು ದಶಕಕ್ಕೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡವು. ಕೇಸು ಮೇಲೆ ಹೋಯಿತು, ಕೆಳಗೆ ಬಂತು, ಸಂವಿಧಾನ ನ್ಯಾಯಾಲಯಕ್ಕೂ ಹೋಗಿ ಬಂತು. 2019ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಎರಡು ಮಾತು ಹೇಳಿತು. ಒಂದು, ತುಣುಕನ್ನು ಕಿವಿಗೆ ಗುರುತು ಸಿಗದ ಹಾಗೆ ಬದಲಾಯಿಸಿ ಹೊಸ ಕೃತಿಯಲ್ಲಿ ಬಳಸಿದರೆ ಅದು ನಕಲೇ ಅಲ್ಲ, ಅನುಮತಿಯೂ ಬೇಡ. ಎರಡು, ಉಲ್ಲೇಖ ಅಂತ ವಿನಾಯಿತಿ ಕೇಳಬೇಕಾದರೆ ಮೂಲ ಯಾವುದು ಅಂತ ಗುರುತು ಸಿಗಬೇಕು.

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಅಕ್ಕನ ಮಗ ಯಾವ ತೀರ್ಪನ್ನೂ ಓದಿಲ್ಲ, ಆದರೂ ಮೊದಲನೆಯದನ್ನು ಅಕ್ಷರಶಃ ಪಾಲಿಸುತ್ತಿದ್ದಾನೆ. ಮೂರು ಸೆಮಿಟೋನ್ ಇಳಿಸು, ಚೂರು ಮಾಡು, ತಿರುಗಿಸು, ನೀನು ಬಚಾವ್. ಎರಡನೆಯ ದಾರಿ ಹಿಡಿದು, ನಾನು ಇವರಿಂದ ತಂದೆ, ಇವರಿಗೆ ಉತ್ತರ ಕೊಡುತ್ತಿದ್ದೇನೆ ಅಂತ ಹೇಳಬೇಕಾದರೆ ಪಕ್ಕದಲ್ಲಿ ವಕೀಲರು ಬೇಕು. ಹೆಸರು ಬರೆಯುವುದು ದೊಡ್ಡ ಗುಣ ಅಂತ ಚಿಕ್ಕಂದಿನಿಂದ ಹೇಳಿಸಿಕೊಂಡು ಬಂದಿದ್ದೇವೆ. ಸ್ಯಾಂಪಲ್ ಲೋಕದಲ್ಲಿ ಹೆಸರು ಬರೆದರೆ ಅದು ತಪ್ಪೊಪ್ಪಿಗೆ. ನಿಮ್ಮ ವಿರುದ್ಧದ ಸಾಕ್ಷಿಗೆ ನೀವೇ ಸಹಿ ಹಾಕಿ ಕೊಟ್ಟ ಹಾಗೆ. ಮೂಲದವರಿಗೆ ಗೌರವ ಕೊಟ್ಟವನೇ ಮೊದಲು ಸಿಕ್ಕಿಬೀಳುತ್ತಾನೆ.

ಈಗ ಕೋರ್ಟಿನವರೆಗೆ ಹೋಗುವುದೂ ಬೇಕಿಲ್ಲ. ಯೂಟ್ಯೂಬ್ 2007ರಲ್ಲಿ ತಂದ ಕಂಟೆಂಟ್ ಐಡಿ, ಮೇಲೇರಿಸಿದ ಪ್ರತಿ ವಿಡಿಯೊವನ್ನೂ ಹಕ್ಕುದಾರರು ಕೊಟ್ಟ ಹಾಡು, ದೃಶ್ಯಗಳ ಜೊತೆ ಹೋಲಿಸಿ ನೋಡುತ್ತದೆ. ಅಣಕವೋ, ವಿಮರ್ಶೆಯೋ, ಬರೀ ಕದ್ದದ್ದೋ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಹೊಂದಿಕೆಯಾಯಿತೋ ಇಲ್ಲವೋ, ಅಷ್ಟೇ ಅದರ ಪ್ರಪಂಚ. ಹಾಗಾಗಿ ಜನ ಸಿನಿಮಾ ದೃಶ್ಯವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಾಡಿ ಹಾಕುತ್ತಾರೆ, ಸುತ್ತ ದಪ್ಪ ಅಂಚು ಕಟ್ಟುತ್ತಾರೆ, ಹಾಡಿನ ಶ್ರುತಿ ಏರಿಸಿ ಗಾಯಕರನ್ನೆಲ್ಲ ಇಲಿ ಮಾಡುತ್ತಾರೆ. ನೀವೂ ನೋಡಿರುತ್ತೀರಿ. ವೇಷ ಮರೆಸುವುದು ಕೋಟ್ಯಂತರ ಜನರ ದಿನದ ಅಭ್ಯಾಸವಾಗಿಬಿಟ್ಟಿದೆ.

ಲೇಬಲ್ ನೆನೆಸಿ ಕಿತ್ತವರು

ಎಲ್ಲಾ ತಪ್ಪನ್ನೂ ಕಾನೂನಿನ ತಲೆಗೆ ಕಟ್ಟಿದರೆ ನನಗೂ ಸುಲಭ. ಆದರೆ ಬಚ್ಚಿಡುವುದು ವಕೀಲರು ಬರುವ ಮೊದಲೇ ಇತ್ತು. ಹಿಪ್‌ಹಾಪ್ ಸಂಗೀತ (ರ‍್ಯಾಪ್ ಇದರದ್ದೇ ಭಾಗ) ಹುಟ್ಟಿದ್ದು 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಡೆದ ಒಂದು ಪಾರ್ಟಿಯಲ್ಲಿ ಅನ್ನುತ್ತಾರೆ. ಅಂದು ರೆಕಾರ್ಡ್ ಹಾಕಿದವರು ಡಿಜೆ ಕೂಲ್ ಹರ್ಕ್. ಜನ ಹೆಚ್ಚು ಕುಣಿಯುವುದು ಹಾಡಿನ ನಡುವೆ ಬರೀ ಡ್ರಮ್ ಬರುವ ಕಡೆ ಅಂತ ಗಮನಿಸಿ, ಆ ಜಾಗವನ್ನೇ ಎಳೆದು ಎಳೆದು ಹಾಕಿದ ಮನುಷ್ಯ. ಇವರು ರೆಕಾರ್ಡುಗಳನ್ನು ನೀರಲ್ಲಿ ನೆನೆಸಿ ಲೇಬಲ್ ಕಿತ್ತು ಹಾಕುತ್ತಿದ್ದರು. ಕೋರ್ಟಿನ ಹೆದರಿಕೆಗಲ್ಲ, ಪಕ್ಕದ ಡಿಜೆ ನೋಡಿ ಅದೇ ರೆಕಾರ್ಡ್ ಕೊಂಡು ತರಬಾರದು ಅಂತ. ಇದು ಅಡುಗೆ ಚೆನ್ನಾಗಿ ಮಾಡುವವರು ಪುಡಿಯ ಗುಟ್ಟು ಬಿಟ್ಟುಕೊಡದ ಹಾಗೆ. ಈ ಥರದ ಬಚ್ಚಿಡುವಿಕೆ ಮೇಲೆ ನನಗೆ ಕೋಪ ಬರುವುದಿಲ್ಲ. ಹುಡುಕುವ ಆಟವೂ ಅದರಲ್ಲೇ ಇದೆ. ಅಕ್ಕನ ಮಗ ಮೇಜು ತಟ್ಟಿದ್ದು ಆ ಆಟದ ಖುಷಿಗೇ.

ಹರ್ಕ್ ಜಮೈಕಾದಲ್ಲಿ ಹುಟ್ಟಿದವರು. ಅಲ್ಲಿ ಇನ್ನೊಂದು ಪದ್ಧತಿ ಬೆಳೆದಿತ್ತು. 1968ರ ಸುಮಾರಿಗೆ ಒಂದು ಸ್ಟುಡಿಯೊದಲ್ಲಿ ರೆಕಾರ್ಡಿನ ಡಿಸ್ಕ್ ಕೊರೆಯುವಾಗ ಗಾಯಕರ ದನಿ ಸೇರಿಸುವುದು ಮರೆತುಹೋಗಿ, ಬರೀ ವಾದ್ಯ ಉಳಿದ ಡಿಸ್ಕ್ ಪಾರ್ಟಿಗೆ ಹೋಯಿತು, ಜನ ತಾವೇ ಹಾಡಿಕೊಂಡು ಕುಣಿದರು ಅಂತ ಕಥೆಯಿದೆ. ರೆಕಾರ್ಡಿನ ಹಿಂಬದಿಗೆ ದನಿಯಿಲ್ಲದ 'ವರ್ಷನ್' ಹಾಕುವುದು ರೂಢಿಯಾಯಿತು. ರೇಡಿಯೊ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ, ಸದ್ದುಗಳನ್ನು ಬೆರೆಸುವ ಸ್ಟುಡಿಯೊ ಮಿಕ್ಸರನ್ನೇ ವಾದ್ಯ ಮಾಡಿಕೊಂಡು ಡಬ್ ಅನ್ನುವ ಪ್ರಕಾರವನ್ನೇ ಬೆಳೆಸಿದರು. ಅಲ್ಲಿ ತಾಳ ಮತ್ತು ಬೇಸ್ ಸೇರಿದ ತಳಹದಿಗೆ ರಿಡಿಮ್ ಅನ್ನುತ್ತಾರೆ, ಪ್ರತಿ ರಿಡಿಮ್‌ಗೂ ಸ್ವಂತ ಹೆಸರಿದೆ. 'ರಿಯಲ್ ರಾಕ್' ಅಂತ ಒಂದಿದೆ, 1960ರ ದಶಕದ್ದು. ಅದರ ಮೇಲೆ ನೂರಾರು ಗಾಯಕರು ನೂರಾರು ಹಾಡು ಕಟ್ಟಿದ್ದಾರೆ. ಯಾರೂ ಅದನ್ನು ಮುಚ್ಚಿಡುವುದಿಲ್ಲ. ಯಾವ ರಿಡಿಮ್ ಅಂತ ಕೇಳಿದರೆ ಥಟ್ಟನೆ ಹೇಳುತ್ತಾರೆ. ಹಾಗಂತ ಅಲ್ಲಿ ಎಲ್ಲಾ ಚೆನ್ನಾಗಿತ್ತು ಅಂತಲ್ಲ. ರಿಡಿಮ್‌ಗೆ ಹೆಸರಿತ್ತು, ಅದನ್ನು ನುಡಿಸಿದ ಸ್ಟುಡಿಯೊ ಕಲಾವಿದರಲ್ಲಿ ಹೆಚ್ಚಿನವರ ಕೈಗೆ ದುಡ್ಡು ಬರಲಿಲ್ಲ.

ಇದೇ ಗಾಯದ ಇನ್ನೊಂದು ರೂಪ ಅಮೆನ್ ಬ್ರೇಕ್. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡ ಒಂದು ರೆಕಾರ್ಡ್ ತಂದಿತು. ಮುಂಬದಿಯ ಹಾಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಹಿಂಬದಿಯಲ್ಲಿದ್ದ 'ಅಮೆನ್, ಬ್ರದರ್' ಅನ್ನು ಯಾರೂ ಗಮನಿಸಲಿಲ್ಲ. ಅದರ ನಡುವೆ ಬೇರೆಲ್ಲ ವಾದ್ಯ ನಿಂತು ಡ್ರಮ್ ಒಂದೇ ಕೇಳುವ ನಾಲ್ಕು ಆವರ್ತ ಬರುತ್ತದೆ, ಏಳು ಸೆಕೆಂಡಿಗಿಂತ ಜಾಸ್ತಿಯಿಲ್ಲ. ಬಾರಿಸಿದ್ದು ಗ್ರೆಗರಿ ಕೋಲ್ಮನ್. ಒಮ್ಮೆ ಕೇಳಿ ನೋಡಿ. ಮೊದಲ ಎರಡು ಆವರ್ತ ನೇರವಾಗಿ ಹೋಗುತ್ತದೆ. ಮೂರನೆಯದರಲ್ಲಿ ಒಂದು ಪೆಟ್ಟು ಬರಬೇಕಾದ ಜಾಗಕ್ಕಿಂತ ಸ್ವಲ್ಪ ತಡವಾಗಿ ಬೀಳುತ್ತದೆ. ನಾಲ್ಕನೆಯದರಲ್ಲಿ ಮೊದಲ ಪೆಟ್ಟೇ ಇಲ್ಲ, ಖಾಲಿ. ಆಮೇಲೆ ತಾಳದ ತಟ್ಟೆ ಝಲ್ ಅನ್ನುತ್ತದೆ. ಎಡವಿ ಬೀಳುವ ಹಾಗಾಗಿ ಕೊನೇ ಗಳಿಗೆಯಲ್ಲಿ ಕಾಲೂರಿ ನಿಂತ ಅನುಭವ. 1980ರ ದಶಕದಲ್ಲಿ ಸ್ಯಾಂಪಲರ್ ಯಂತ್ರ ಬಂದ ಮೇಲೆ ಇದು ಸಾವಿರಾರು ಹಾಡುಗಳೊಳಗೆ ಹೊಕ್ಕಿತು. ಇಂಗ್ಲೆಂಡಿನಲ್ಲಿ ಜಂಗಲ್, ಡ್ರಮ್ ಆ್ಯಂಡ್ ಬೇಸ್ ಅನ್ನುವ ಪ್ರಕಾರಗಳೇ ಬಹುಮಟ್ಟಿಗೆ ಇದರ ಮೇಲೆ ನಿಂತವು.

ಕುಣಿಯುವ ಹುಡುಗರಿಗೆ ಆ ತಾಳದ ಗುರುತು ಚೆನ್ನಾಗಿತ್ತು. ಬಾರಿಸಿದ ಕೈಯ ಗುರುತು ಯಾರಿಗೂ ಇರಲಿಲ್ಲ. ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ ಈ ವಿಷಯ ಗೊತ್ತಾಗಿದ್ದೇ 1996ರಲ್ಲಿ, ಯಾರೋ ಮೂಲ ಟೇಪ್ ಕೇಳಿಕೊಂಡು ಫೋನ್ ಮಾಡಿದಾಗ. ಕೇಸು ಹಾಕುವ ಕಾಲ ಮೀರಿತ್ತು. ಕೋಲ್ಮನ್ 2006ರಲ್ಲಿ ಮನೆಯಿಲ್ಲದೆ, ಬಡತನದಲ್ಲಿ ತೀರಿಕೊಂಡರು. 2015ರಲ್ಲಿ ಬ್ರಿಟನ್ನಿನ ಡಿಜೆಗಳು ಜನರಿಂದ ಸುಮಾರು 24,000 ಪೌಂಡ್ ಎತ್ತಿ ಸ್ಪೆನ್ಸರ್‌ಗೆ ಕೊಟ್ಟರು. ಒಳ್ಳೆಯ ಕೆಲಸ. ಡ್ರಮ್ ಬಾರಿಸಿದವರು ಹೋಗಿ ಒಂಬತ್ತು ವರ್ಷವಾಗಿತ್ತು. ಸ್ಯಾಂಪಲ್ ಮಾಡಿದ ಹುಡುಗರು ಕೆಟ್ಟವರೇನಲ್ಲ. ಹೆಸರು ಬರೆದರೆ ಕುತ್ತಿಗೆಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿದ್ದ ಲೋಕದಲ್ಲಿ, ಯಾರೂ ಎಲ್ಲೂ ಬರೆಯದ ಹೆಸರು ಹೀಗೆ ಕಳೆದುಹೋಗುತ್ತದೆ.

ನನ್ನ ಉಸಿರು, ಬೇರೆಯವರ ತಾಳ

ಇಷ್ಟೆಲ್ಲ ದೂರದವರ ಕಥೆ. ನನ್ನದೂ ಒಂದಿದೆ. ನನ್ನ ಬರಹವೊಂದನ್ನು ನಾನೇ ಓದಿ, ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದೆ. ಕೇಳಿದವರು ಬೆರಳೆಣಿಕೆಯಷ್ಟು. ಬಹಳ ದಿನಗಳ ಮೇಲೆ ಗೆಳತಿಯೊಬ್ಬಳು ಒಂದು ಹಾಡು ಕಳಿಸಿ, "ಇದು ನಿನ್ನ ದನಿ ಥರ ಇಲ್ವಾ?" ಅಂತ ಕೇಳಿದಳು. ಕೇಳಿದೆ. ಮೆತ್ತಗೆ ಒಂದು ತಾಳ, ಮೇಲೆ ಒಂದು ಗಂಡಸಿನ ದನಿ ಅರ್ಧ ವಾಕ್ಯ ಹೇಳಿ ನಿಲ್ಲುತ್ತದೆ. ನನಗಿಂತ ಎಳೆಯ ದನಿ. ಮಾತು ಮಾತ್ರ ನನ್ನದೇ. ನಾನು ಒಂದು ಕಷ್ಟದ ಮಾತಿಗೆ ಮೊದಲು ಮೂಗಿನಲ್ಲಿ ಉಸಿರೆಳೆದುಕೊಂಡಿದ್ದೆ. ನನಗೆ ಅದು ನೆನಪೂ ಇರಲಿಲ್ಲ. ಮಾಡಿದವರು ಆ ಉಸಿರನ್ನೇ ಕತ್ತರಿಸಿ ತಾಳದ ಜೊತೆ ಕೂಡಿಸಿದ್ದರು. ಪ್ರತಿ ಸುತ್ತಿಗೂ ಆ ಸಣ್ಣ ಉಸಿರು ಬರುತ್ತಿತ್ತು, ಬಂದು ಏನೂ ಹೇಳದೆ ಹೋಗುತ್ತಿತ್ತು. ನನ್ನ ಇಡೀ ಬರಹ ಹೇಳಲು ಒದ್ದಾಡಿದ್ದನ್ನು ಆ ಲೂಪ್ ಮಾತೇ ಇಲ್ಲದೆ ಹೇಳಿತ್ತು. ಹೊಟ್ಟೆಕಿಚ್ಚಾಯಿತು, ನಿಜ ಹೇಳಬೇಕಂದರೆ.

ಎಲ್ಲೂ ನನ್ನ ಹೆಸರಿರಲಿಲ್ಲ. ದನಿಯ ಶ್ರುತಿ ಏರಿಸಿದ್ದರು. ತೆಗೆದುಕೊಂಡಿದ್ದಕ್ಕೆ ನನಗೆ ಏನೂ ಅನ್ನಿಸಲಿಲ್ಲ. ಗುರುತು ಮರೆಸಲು ಹೊರಟದ್ದು ಚುಚ್ಚಿತು. ಬೇಕಾದ ಹಾಗೆ ಬಳಸಿಕೊಳ್ಳಿ, ಆದರೆ ನನ್ನ ದನಿಯನ್ನು ನನಗೇ ಗೊತ್ತಾಗದ ಹಾಗೆ ಮಾಡಬೇಕಿತ್ತೇ ಅಂತ ಮಾಡಿದವರಿಗೆ ಬರೆದೆ. ಉತ್ತರ ಆ ರಾತ್ರಿಯೇ ಬಂತು. "ಸರ್, ಗೊತ್ತಾಗಬಾರದು ಅಂತ ಅಲ್ಲ. ತಾಳದ ಕೆಳಗಿರೋ ಬೇಸ್ ಆ ಶ್ರುತಿಯಲ್ಲಿತ್ತು. ನಿಮ್ಮ ದನಿ ಅಲ್ಲಿಗೆ ಬಂದ ಮೇಲೇ ಕೂತಿದ್ದು. ಹೆಸರು ಹಾಕಿದ್ರೆ ನೀವು ಬೈತೀರೇನೋ ಅಂತ ಹಾಕಲಿಲ್ಲ. ಈಗ ಹಾಕಿದೀನಿ." ನೋಡಿದರೆ ಹಾಕಿದ್ದರು. ಶ್ರುತಿ ಇಳಿಸಿ ಮಾಡಿದ ಇನ್ನೊಂದು ಪ್ರತಿಯನ್ನೂ ಕಳಿಸಿದ್ದರು, ನನಗೆ ತೋರಿಸಲು. ಅದು ಸತ್ತುಹೋಗಿತ್ತು. ಉಸಿರು ಬರೀ ಮೂಗು ಕಟ್ಟಿದವನ ಉಸಿರಾಗಿತ್ತು.

ಈ ಮಾತುಕತೆ ಆದ ಮೇಲೆ ಆ ತೀರ್ಪುಗಳು ನನಗೆ ಇನ್ನೂ ವಿಚಿತ್ರವಾಗಿ ಕಾಣತೊಡಗಿದವು. ಅವು ಕಿವಿಯನ್ನು ಸಾಕ್ಷಿಗೆ ಕರೆಯುತ್ತವೆ. ಗುರುತು ಸಿಕ್ಕಿತಾ ಇಲ್ಲವಾ ಅಂತ ಕೇಳುತ್ತವೆ. ಆದರೆ ಬಚ್ಚಿಡಲು ಶ್ರುತಿ ಏರಿಸಿದ್ದಕ್ಕೂ, ಹಾಡಿಗೆ ಬೇಕಾಗಿ ಏರಿಸಿದ್ದಕ್ಕೂ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಒಂದೇ ಗುಂಡಿ ತಿರುಗಿಸಿ ಮಾಡುವ ಕೆಲಸ. ಆ ವ್ಯತ್ಯಾಸ ಗೊತ್ತಾಗುವುದು ಒಂದೇ ಕಡೆ, ಕೆಳಗೆ ಬರೆದ ಹೆಸರಿನಲ್ಲಿ. ಆ ಸಾಲನ್ನು ಬರೆಯುವುದಕ್ಕೇ ಜನ ಹೆದರುವ ಹಾಗೆ ಮಾಡಿಟ್ಟಿದ್ದೇವೆ.

ಕ್ರಿಯೇಟಿವ್ ಕಾಮನ್ಸ್‌ನವರು 2002ರಲ್ಲಿ ಮೊದಲ ಲೈಸೆನ್ಸುಗಳನ್ನು ಬಿಟ್ಟಾಗ ಮಾಡಿದ್ದು ಇದಕ್ಕೇ ಒಂದು ದಾರಿ. ಹೆಸರು ಹಾಕಿ, ಬೇಕಾದ್ದು ಮಾಡಿಕೊಳ್ಳಿ ಅಂತ ಮೊದಲೇ ಬರೆದು ಇಟ್ಟುಬಿಡುವುದು. ಈಗ ನನ್ನ ಎಲ್ಲಾ ರೆಕಾರ್ಡಿಂಗ್ ಮೇಲೂ ಆ ಸಾಲಿದೆ. ಆದರೆ ಇದು ಕೊಡಲು ಮನಸ್ಸಿರುವವರ ದಾರಿ. ಅಕ್ಕನ ಮಗನಿಗೆ ಬೇಕಾದ ಪಿಟೀಲು ಯಾವುದೋ ಕಂಪನಿಯ ಪೆಟ್ಟಿಗೆಯಲ್ಲಿದೆ. ಪತ್ರ ಬರೆದರೆ ಅವರು ಉತ್ತರವನ್ನೂ ಬರೆಯುವುದಿಲ್ಲ.

ಕೇಳದೆ ತಗೋ, ಹೇಳಿ ತಗೋ

ಇದಕ್ಕೆ ಹಳೆಯ ಒಂದು ಮಾದರಿ ಇದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದಲ್ಲಿ ತಾನಾಗಿ ನುಡಿಯುವ ಪಿಯಾನೊ ಬಂದಿತ್ತು. ತೂತು ಹೊಡೆದ ಕಾಗದದ ಸುರುಳಿ ಹಾಕಿದರೆ ಹಾಡು ನುಡಿಯುತ್ತಿತ್ತು. ಆ ಸುರುಳಿಯನ್ನು ಹಾಡಿನ ನಕಲು ಅನ್ನಲಾಗದು ಅಂತ 1908ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಂಗೀತ ಕಟ್ಟಿದವರು ಬೊಬ್ಬೆ ಹೊಡೆದರು. 1909ರ ಕಾನೂನು ನಡುದಾರಿ ಹಿಡಿಯಿತು. ಹಾಡು ಕಟ್ಟಿದವರು ಒಮ್ಮೆ ಯಾರಿಗಾದರೂ ಅದನ್ನು ಹಾಗೆ ಬಳಸಲು ಬಿಟ್ಟರೆ, ಆಮೇಲೆ ಬೇರೆ ಯಾರು ಬೇಕಾದರೂ ಪ್ರತಿಗೆ 2 ಸೆಂಟ್ ಕೊಟ್ಟು ಮಾಡಿಕೊಳ್ಳಬಹುದು, ಅನುಮತಿ ಕೇಳಬೇಕಿಲ್ಲ. ಅಲ್ಲಿ ಯಾರ ಹಾಡನ್ನು ಯಾರು ಬೇಕಾದರೂ ಮತ್ತೆ ಹಾಡಿ ರೆಕಾರ್ಡ್ ಮಾಡಬಹುದು ಅನ್ನುವ ಪದ್ಧತಿ ಇವತ್ತಿಗೂ ಇರುವುದು ಇದರಿಂದಲೇ. ದರ ಮಾತ್ರ ಏರಿದೆ. ಹಾಡನ್ನು ಪೂರ್ತಿಯಾಗಿ ಎತ್ತಿಕೊಂಡು ಹಾಡಬಹುದು, ರೆಕಾರ್ಡಿಂಗಿನಿಂದ ಎರಡು ಸೆಕೆಂಡು ತೆಗೆದರೆ ಮಾತ್ರ ಕೇಸು. ಇದು ಯಾವ ನ್ಯಾಯವೋ!

ಸ್ಯಾಂಪಲ್‌ಗೂ ಇಂಥದ್ದೇ ಒಂದು ಇರಲಿ ಅನ್ನುವುದು ನನ್ನ ಆಸೆ. ಹೆಸರು ಬರೆದು, ಬಂದದ್ದರಲ್ಲಿ ಗೊತ್ತಾದ ಒಂದು ಪಾಲು ಕೊಟ್ಟರೆ, ಕೇಳದೆಯೇ ತೆಗೆದುಕೊಳ್ಳಬಹುದು. ಪಾಲು ಹಕ್ಕುದಾರ ಕಂಪನಿಯ ಹೊಟ್ಟೆಗೆ ಮಾತ್ರ ಹೋಗದೆ ನುಡಿಸಿದವರ ಕೈಗೂ ಬರಬೇಕು. ಹೆಸರು ಬರೆದವನಿಗೆ ರಕ್ಷಣೆ, ಬಚ್ಚಿಟ್ಟವನಿಗೆ ದಂಡ. ಈಗಿರುವುದಕ್ಕೆ ಸರಿಯಾಗಿ ಉಲ್ಟಾ. ಇದು ಈಗ ಇನ್ನೂ ತುರ್ತು ಅನ್ನಿಸುತ್ತದೆ. ಎರಡು ಸಾಲು ಬರೆದರೆ ಹಾಡು ಕಟ್ಟಿಕೊಡುವ ಎಐ ಯಂತ್ರಗಳು ಲೆಕ್ಕವಿಲ್ಲದಷ್ಟು ರೆಕಾರ್ಡಿಂಗ್ ನುಂಗಿ ಬೆಳೆದವು. ಅವುಗಳಿಂದ ಬರುವ ಹಾಡಿನಲ್ಲಿ ಕತ್ತರಿ ಹಾಕಿದ ಜಾಗವೇ ಇರುವುದಿಲ್ಲ, ಟಕ್ ಅನ್ನುವ ಸದ್ದೂ ಇರುವುದಿಲ್ಲ. ಯಾರ ಡ್ರಮ್, ಯಾರ ಪಿಟೀಲು ಅಂತ ಯಂತ್ರ ಮಾಡಿದವರೂ ಬೆರಳಿಟ್ಟು ತೋರಿಸಲಾರರು. ಗುರುತು ಸಿಗದಿದ್ದರೆ ತಪ್ಪಿಲ್ಲ ಅನ್ನುವ ತರ್ಕವನ್ನು ಮೂವತ್ತು ವರ್ಷ ಬೆಳೆಸಿಕೊಂಡು ಬಂದು, ಗುರುತನ್ನು ಪೂರ್ತಿ ಅಳಿಸುವ ಯಂತ್ರ ಬಂದಾಗ ಬಾಯಿಬಾಯಿ ಬಡಿದುಕೊಂಡರೆ ಏನು ಮಾಡೋಣ?

ನನ್ನ ಯೋಜನೆ ಒಂದು ಕಡೆ ಸೋರುತ್ತದೆ. ಕೇಳದೆ ತೆಗೆದುಕೊಳ್ಳಬಹುದು ಅಂದರೆ, ಕೊಡುವುದಿಲ್ಲ ಅನ್ನುವ ಹಕ್ಕು ಹೋಯಿತು. ನನ್ನ ಉಸಿರನ್ನು ಆ ಸೂಕ್ಷ್ಮದ ಹಾಡಿಗೆ ಬಳಸಿದ್ದು ಸರಿ. ನಾಳೆ ಅದನ್ನೇ ಯಾರೋ ದ್ವೇಷ ಕಕ್ಕುವ ವಿಡಿಯೊಗೆ ಹಾಕಿ, ಕೆಳಗೆ ನೀಟಾಗಿ ನನ್ನ ಹೆಸರನ್ನೂ ಬರೆದು, ಪಾಲೂ ಕಳಿಸಿದರೆ? ಆಗ ಹೆಸರು ಹಾಕಿದ್ದೇ ಹೆಚ್ಚು ನೋಯಿಸುತ್ತದೆ. ಮನುಷ್ಯರ ದನಿಗೆ ಬೇರೆ ನಿಯಮ ಮಾಡೋಣ, ದನಿಯಾದರೆ ಕೇಳಲೇಬೇಕು, ವಾದ್ಯವಾದರೆ ಬೇಡ ಅಂತ ಒಮ್ಮೆ ಯೋಚಿಸಿದೆ. ಆಮೇಲೆ ಕೋಲ್ಮನ್ ಬಾರಿಸಿದ ಆ ಮೂರನೇ ಆವರ್ತ ಮತ್ತೆ ಕೇಳಿದೆ, ಆ ತಡವಾದ ಪೆಟ್ಟು. ಅದನ್ನು ದನಿ ಅಲ್ಲ ಅಂತ ಹೇಗೆ ಬರೆಯುವುದು, ಯಾವ ಕಾನೂನಿನಲ್ಲಿ?